ಏಟು ಬಿದ್ದಿಲ್ಲ, ಆದ್ರೂ ಶ್ವಾಸಕೋಶ ಸೋರುತ್ತೆ: ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ

ಕಳೆದ ಸಂಚಿಕೇಲಿ ಎದೆನೋವಿನ ಬಗ್ಗೆ ಬರೆಯುವಾಗ, ಏಟು ಬೀಳದೇನೇ ಕೆಲವರ ಶ್ವಾಸಕೋಶದಿಂದ ಗಾಳಿ ಸೋರುತ್ತೆ ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ, ಅದಕ್ಕೆ ಈ ಸಲ ಪೂರ್ತಿ ಅಂಕಣ ಅದಕ್ಕೇ ಇಟ್ಟಿದೀನಿ. ಓದೋಕೆ ಮುಂಚೆ ಒಂದು ಮಾತು, ಇದ್ದಕ್ಕಿದ್ದ ಹಾಗೆ ಎದೆಯ ಒಂದು ಪಕ್ಕ ಹಿಡ್ಕೊಂಡು ಉಸಿರು ಸಾಲ್ತಿಲ್ಲ ಅನ್ನಿಸ್ತಿದ್ರೆ ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 19 ವರ್ಷ, ಎತ್ತರ ಇದಾನೆ, ತುಂಬಾ ತೆಳ್ಳಗೆ. ಕೂತ್ಕೊಂಡು ಓದ್ತಿದ್ದಾಗ ಬಲಗಡೆ ಎದೆ ಚುಚ್ಚಿದ ಹಾಗಾಯ್ತು ಅಂದ. ಗ್ಯಾಸ್ ಇರ್ಬೇಕು ಅಂತ ಮಾತ್ರೆ ಕೊಟ್ವಿ. ಮಾರನೇ ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬಂತು, ಆಗ ತೋರಿಸಿದ್ವಿ. ಎಕ್ಸ್‌ರೇ ನೋಡಿ ನ್ಯೂಮೋಥೊರ್ಯಾಕ್ಸ್, ಶ್ವಾಸಕೋಶ ಕುಗ್ಗಿದೆ ಅಂದ್ರು. ಆದ್ರೆ ಗಾಳಿ ತೆಗೆಯೋಕೆ ಎದೆಗೆ ಟ್ಯೂಬ್ ಏನೂ ಹಾಕ್ಲಿಲ್ಲ, ಕೆಲವು ಗಂಟೆ ನೋಡ್ಕೊಂಡು ನೋವಿನ ಮಾತ್ರೆ ಕೊಟ್ಟು ಮನೆಗೆ ಕಳ್ಸಿದಾರೆ. ಹೀಗೆ ಸುಮ್ನೆ ಬಿಡಬಹುದಾ? ಭಾರ ಕೂಡ ಎತ್ತಿಲ್ಲ ಅವನು, ಹೇಗಾಯ್ತು ಇದು?
– ನಿದ್ದೆ ಇಲ್ಲದ ಒಬ್ಬ ತಾಯಿ

ಉತ್ತರ: ಅಮ್ಮಾ, ನಿಮ್ಮ ಡಾಕ್ಟರ್ ಸುಮ್ನೆ ಬಿಟ್ಟಿಲ್ಲ, ಕಾಯ್ತಿದಾರೆ, ಅದೂ ಒಂದು ಚಿಕಿತ್ಸೆನೇ.

ಮೊದಲು ಹೇಗಾಯ್ತು ಅನ್ನೋದು. ಶ್ವಾಸಕೋಶದ ಮೇಲೆ ಒಂದು ತೆಳು ಪೊರೆ ಇರುತ್ತೆ, ಎದೆಗೂಡಿನ ಒಳಗೋಡೆಗೆ ಇನ್ನೊಂದು. ಎರಡರ ಮಧ್ಯೆ ಇರೋ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಮ್ಮಿ, ಅದಕ್ಕೇ ಶ್ವಾಸಕೋಶ ಅರಳಿಕೊಂಡೇ ಇರುತ್ತೆ. ನಿಮ್ಮ ಮಗನ ಥರ ಎತ್ತರ, ತೆಳ್ಳಗೆ ಇರೋ ಹುಡುಗರಲ್ಲಿ ಶ್ವಾಸಕೋಶದ ತುದಿಭಾಗದಲ್ಲಿ, ಅಂದ್ರೆ ಕುತ್ತಿಗೆ ಬುಡದ ಹತ್ರ, ಸಣ್ಣ ಸಣ್ಣ ಗಾಳಿಗುಳ್ಳೆಗಳು ಎದ್ದಿರ್ತವೆ. ಅವು ಇದೆ ಅಂತ ಅವರಿಗೂ ಗೊತ್ತಿರಲ್ಲ. ಆ ಜಾಗದಲ್ಲಿ ಪೊರೆ ಬಿಟ್ಕೊಂಡ್ರೆ ಗಾಳಿ ಎರಡು ಪೊರೆಗಳ ಮಧ್ಯೆ ನುಗ್ಗುತ್ತೆ, ಶ್ವಾಸಕೋಶ ತನ್ನಷ್ಟಕ್ಕೆ ತಾನು ಮುದುಡುತ್ತೆ. ಭಾರ ಎತ್ತಿದ್ದಕ್ಕೆ, ಓಡಿದ್ದಕ್ಕೆ ಆಯ್ತು ಅಂತ ಎಲ್ಲರೂ ಅಂದ್ಕೋತಾರೆ, ನಿಜ ಹೇಳ್ಬೇಕು ಅಂದ್ರೆ ಹೆಚ್ಚಿನವರಿಗೆ ಇದು ಆಗೋದು ಸುಮ್ನೆ ಕೂತಿರುವಾಗ್ಲೇ. ಮಗ ಏನೋ ಮಾಡಬಾರದ್ದು ಮಾಡಿದ ಅಂತ ಅವನನ್ನ ಬೈಬೇಡಿ. ಒಂದೇ ಒಂದು ವಿಷಯ ಮಾತ್ರ ಪ್ರೀತಿಯಿಂದ, ಒಬ್ಬನೇ ಇದ್ದಾಗ ಕೇಳಿ, ಸಿಗರೇಟು ಅಥವಾ ಗಾಂಜಾ ಹೊಗೆ ಸೇದ್ತಾನಾ ಅಂತ. ಯಾಕಂದ್ರೆ ಹೊಗೆ ಸೇದೋ ಗಂಡಸರಲ್ಲಿ ಇದು ಹಲವಾರು ಪಟ್ಟು ಜಾಸ್ತಿ.

ಇದನ್ನ ಕಂಡುಹಿಡಿಯೋದ್ರಲ್ಲಿ ಒಂದು ತೊಡಕಿದೆ. ಸೋರಿಕೆ ಸಣ್ಣದಿದ್ರೆ ಸ್ಟೆತಾಸ್ಕೋಪಲ್ಲಿ ಏನೂ ಗೊತ್ತಾಗಲ್ಲ, ಇಸಿಜಿ ನಾರ್ಮಲ್ ಇರಬಹುದು, ಆಗ ಗ್ಯಾಸ್ ಅಂತಲೋ ಮಾಂಸಖಂಡ ಹಿಡ್ಕೊಂಡಿದೆ ಅಂತಲೋ ಕಳಿಸಿಬಿಡೋದು ಸುಲಭ. ವಯಸ್ಸಿನ ಹುಡುಗ ಒಂದು ಪಕ್ಕ ಬೆರಳಿಟ್ಟು ತೋರಿಸಿ, ಉಸಿರು ಎಳ್ಕೊಂಡಾಗ ಚುಚ್ಚುತ್ತೆ ಅಂದ್ರೆ ಒಂದು ಎಕ್ಸ್‌ರೇ ತೆಗೀಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಂತ್ಕೊಂಡು ತೆಗೆದ ಫಿಲ್ಮಲ್ಲಿ ಕೂದಲೆಳೆಯಷ್ಟು ತೆಳು ಬಿಳಿ ಗೆರೆ ಕಾಣುತ್ತೆ, ಅದು ಮುದುಡಿದ ಶ್ವಾಸಕೋಶದ ಅಂಚು. ಅದರಿಂದ ಆಚೆಗೆ ರಕ್ತನಾಳಗಳ ಗುರುತೇ ಇರಲ್ಲ, ಬರೀ ಕಪ್ಪು. ಮಲಗಿಸಿ ತೆಗೆದ್ರೆ ಗಾಳಿ ಎದೆಯ ಮುಂಭಾಗಕ್ಕೆ ಬಂದ್ಬಿಡುತ್ತೆ, ಆ ಗೆರೆ ತಪ್ಪಿಹೋಗಬಹುದು. ಈಗ ಎಮರ್ಜೆನ್ಸಿಯಲ್ಲಿ ಅಲ್ಟ್ರಾಸೌಂಡಲ್ಲೂ ನೋಡ್ತಾರೆ. ಸರಿಯಾಗಿರೋ ಕಡೆ ಎರಡು ಪೊರೆ ಒಂದರ ಮೇಲೊಂದು ಜಾರೋದು ಪರದೆ ಮೇಲೆ ಮಿಣುಗುಡ್ತಾ ಕಾಣುತ್ತೆ, ಗಾಳಿ ತುಂಬಿರೋ ಕಡೆ ಆ ಜಾರಾಟ ನಿಂತಿರುತ್ತೆ. ಜಾರೋ ಜಾಗ ಮುಗಿದು ಜಾರದ ಜಾಗ ಶುರುವಾಗೋ ಗಡಿ ಸಿಕ್ತು ಅಂದ್ರೆ ರೋಗ ಖಾತ್ರಿ.

ಇನ್ನು ಟ್ಯೂಬ್ ಯಾಕೆ ಹಾಕ್ಲಿಲ್ಲ. ಮುಂಚೆ ಫಿಲ್ಮಲ್ಲಿ ಗಾಳಿಯ ಅಗಲ ಅಳೆದು, 2 ಸೆಂಟಿಮೀಟರ್ ದಾಟಿದ್ರೆ ಸೂಜಿ ಇಲ್ಲಾ ಟ್ಯೂಬ್ ಅನ್ನೋ ರೂಢಿ ತುಂಬಾ ಕಡೆ ಇತ್ತು. 2020ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಆಸ್ಪತ್ರೆಗಳು ಸೇರಿ ಮಾಡಿದ ಒಂದು ಅಧ್ಯಯನ ಬಂತು. ಮೊದಲ ಸಲ ಶ್ವಾಸಕೋಶ ಕುಗ್ಗಿದ, ಬೇರೆ ಕಾಯಿಲೆ ಇಲ್ಲದ 316 ಜನರಲ್ಲಿ ಅರ್ಧ ಜನಕ್ಕೆ ಟ್ಯೂಬ್, ಉಳಿದವರಿಗೆ ಬರೀ ಗಮನ. ಕಾದವರಲ್ಲಿ ಸುಮಾರು 85 ಪರ್ಸೆಂಟ್ ಜನಕ್ಕೆ ಕೊನೆವರೆಗೂ ಟ್ಯೂಬ್ ಬೇಕೇ ಆಗ್ಲಿಲ್ಲ, 8 ವಾರದಲ್ಲಿ ಶ್ವಾಸಕೋಶ ಅರಳಿದವರ ಪ್ರಮಾಣ ಎರಡೂ ಗುಂಪಲ್ಲಿ ಹತ್ತತ್ರ ಇತ್ತು, 94 ಮತ್ತು 98 ಪರ್ಸೆಂಟ್. ಕೆಲವರು ಮರುತಪಾಸಣೆಗೆ ಬರದೇ ಇದ್ದಿದ್ರಿಂದ ಈ ಲೆಕ್ಕದ ಬಗ್ಗೆ ಚರ್ಚೆ ಇದೆ, ಆದ್ರೂ ಚಿಕಿತ್ಸೆಯ ದಾರಿ ಬದಲಾಯ್ತು. 2023ರ ಬ್ರಿಟಿಷ್ ಮಾರ್ಗಸೂಚಿಯೂ ರೋಗಿಗೆ ತೊಂದರೆ ಕಮ್ಮಿ ಇದ್ರೆ, ಗಾಳಿ ಎಷ್ಟೇ ಇರ್ಲಿ, ಕಾಯಬಹುದು ಅನ್ನುತ್ತೆ. ನಾನು ಇದನ್ನ ಪೂರ್ತಿ ಒಪ್ತೀನಿ. ಚಿಕಿತ್ಸೆ ಮಾಡ್ಬೇಕಾಗಿರೋದು ಫಿಲ್ಮಿಗಲ್ಲ, ಎದುರಿಗೆ ಕೂತಿರೋ ಹುಡುಗನಿಗೆ. ಅವನು ಆರಾಮಾಗಿ ಮಾತಾಡ್ತಿದಾನಾ, ಆಕ್ಸಿಜನ್ ಮಟ್ಟ ಸರಿ ಇದೆಯಾ, ಬಿಪಿ ಸರಿ ಇದೆಯಾ, ನಾಲ್ಕು ಹೆಜ್ಜೆ ನಡೆದ್ರೆ ಸುಸ್ತಾಗ್ತಾನಾ ಅನ್ನೋದು ಮುಖ್ಯ.

ಒಳಗಿರೋ ಗಾಳಿ ದಿನಕ್ಕೆ ಹೆಚ್ಚುಕಮ್ಮಿ 2 ಪರ್ಸೆಂಟ್ ಲೆಕ್ಕದಲ್ಲಿ ದೇಹವೇ ಹೀರ್ಕೊಳ್ಳುತ್ತೆ, ಹಾಗಾಗಿ ವಾರಗಳು ಹಿಡಿಯುತ್ತೆ, ಹೆದರಬೇಡಿ. ಹೇಳಿದ ದಿನ ಎಕ್ಸ್‌ರೇಗೆ ಹೋಗೋದು ಮಾತ್ರ ತಪ್ಪಿಸ್ಬೇಡಿ. ಏದುಸಿರು ಜಾಸ್ತಿ ಆಯ್ತು, ಮೈ ತಣ್ಣಗೆ ಬೆವರ್ತಿದೆ, ಮುಖ ಬಿಳಿಚಿಕೊಂಡಿದೆ, ತಲೆ ಸುತ್ತಿ ಬೀಳೋ ಹಾಗಾಗ್ತಿದೆ ಅಂದ್ರೆ ಮಧ್ಯರಾತ್ರಿ ಆದ್ರೂ ಎಮರ್ಜೆನ್ಸಿಗೆ ಓಡಿ. ಅಪರೂಪಕ್ಕೆ ಕೆಲವರಿಗೆ ಶ್ವಾಸಕೋಶ ಮುದುಡುವಾಗ ಅಲ್ಲಿ ಅಂಟಿಕೊಂಡಿರೋ ಒಂದು ಎಳೆ ಹರಿದು, ಅದರೊಳಗಿನ ರಕ್ತನಾಳ ಕಿತ್ತು, ಗಾಳಿ ಜೊತೆ ರಕ್ತವೂ ತುಂಬ್ಕೊಳ್ಳುತ್ತೆ. ಅಂಥವರಿಗೆ ಟ್ಯೂಬ್ ಬೇಕು, ರಕ್ತ ಕೊಡ್ಬೇಕಾಗಬಹುದು, ಎಷ್ಟೋ ಸಲ ಆಪರೇಷನ್ನೇ ಬೇಕಾಗುತ್ತೆ.

ಪ್ರಶ್ನೆ: ನಮ್ಮ ದೊಡ್ಡಪ್ಪನಿಗೆ 66 ವರ್ಷ, ಸಿಒಪಿಡಿ ಇದೆ, ಅಂದ್ರೆ ಉಸಿರುನಾಳ ಕಿರಿದಾಗಿ ಏದುಸಿರು ಬರೋ ದೀರ್ಘಕಾಲದ ಕಾಯಿಲೆ. ಅವರಿಗೂ ಹೀಗೇ ಶ್ವಾಸಕೋಶ ಕುಗ್ಗಿ, ಎದೆಗೆ ಟ್ಯೂಬ್ ಹಾಕಿ ನೀರಿನ ಬಾಟಲಿಗೆ ಜೋಡಿಸಿದಾರೆ. ನೀರಲ್ಲಿ ಗುಳ್ಳೆ ಬರ್ತಾನೇ ಇದೆ, ನಾಲ್ಕು ದಿನ ಆಯ್ತು. ಸಿಟಿ ಸ್ಕ್ಯಾನ್ ಬೇರೆ ಮಾಡಿದ್ರು, ಎಕ್ಸ್‌ರೇ ಇತ್ತಲ್ಲ, ಸ್ಕ್ಯಾನ್ ಯಾಕೆ?
– ವಾರ್ಡಲ್ಲಿ ಕೂತು ಬರೀತಿರೋ ಮಗ

ಉತ್ತರ: ಮೇಲಿನ ಹುಡುಗನಿಗೆ ಹೇಳಿದ ಮಾತು ನಿಮ್ಮ ದೊಡ್ಡಪ್ಪನಿಗೆ ಅನ್ವಯಿಸಲ್ಲ. ಸಿಒಪಿಡಿ, ಹಳೇ ಟಿಬಿ, ಶ್ವಾಸಕೋಶ ಗಟ್ಟಿಯಾಗೋ ಕಾಯಿಲೆ ಇರೋರಿಗೆ ಉಸಿರಿನ ಉಳಿತಾಯವೇ ಇರಲ್ಲ, ಸ್ವಲ್ಪ ಗಾಳಿ ಸೋರಿದ್ರೂ ಪ್ರಾಣಕ್ಕೆ ಬರುತ್ತೆ. ಅದಕ್ಕೆ ಅವರನ್ನ ಅಡ್ಮಿಟ್ ಮಾಡ್ಕೊಳ್ತಾರೆ, ಟ್ಯೂಬ್ ಹಾಕೋಕೆ ತಡ ಮಾಡಲ್ಲ.

ಸ್ಕ್ಯಾನ್ ಮಾಡಿಸಿದ್ದು ಒಳ್ಳೇ ಕೆಲಸ. ಸಿಒಪಿಡಿಯಲ್ಲಿ ಶ್ವಾಸಕೋಶದ ಒಳಗೇ ದೊಡ್ಡ ಗಾಳಿಚೀಲ ಬೆಳೆದಿರಬಹುದು, ಅದಕ್ಕೆ ಬುಲ್ಲಾ ಅಂತಾರೆ, ಎಕ್ಸ್‌ರೇಲಿ ಅದು ಥೇಟ್ ನ್ಯೂಮೋಥೊರ್ಯಾಕ್ಸ್ ಥರ ಕಾಣುತ್ತೆ. ಹಾಗಂದ್ಕೊಂಡು ಟ್ಯೂಬ್ ಹಾಕಿದ್ರೆ ಇಲ್ಲದ ತೂತು ಆಗೇಬಿಡುತ್ತೆ. ಅನುಮಾನ ಇದ್ದು, ರೋಗಿ ತಡೆದುಕೊಳ್ಳೋ ಸ್ಥಿತಿಯಲ್ಲಿದ್ರೆ ಸಿಟಿ ನೋಡಿನೇ ಮುಂದುವರೀಬೇಕು.

ಬಾಟಲಿ ವಿಷಯ. ಟ್ಯೂಬಿನ ತುದಿ ನೀರಲ್ಲಿ ಒಂದೆರಡು ಸೆಂಟಿಮೀಟರ್ ಮುಳುಗಿರುತ್ತೆ, ಲೋಟದ ನೀರಲ್ಲಿ ಸ್ಟ್ರಾ ಅದ್ದಿ ಊದಿದ ಹಾಗೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತೆ, ಹೊರಗಿನ ಗಾಳಿಗೆ ಮಾತ್ರ ಒಳಗೆ ದಾರಿ ಇಲ್ಲ. ಗುಳ್ಳೆ ಬರ್ತಿದೆ ಅಂದ್ರೆ ಶ್ವಾಸಕೋಶ ಇನ್ನೂ ಸೋರ್ತಿದೆ ಅಂತ. ಉಸಿರಾಡಿದ ಹಾಗೆ ಟ್ಯೂಬಲ್ಲಿ ನೀರು ಮೇಲೆ ಕೆಳಗೆ ಆಡ್ತಿರಬೇಕು. ಆಟ ನಿಂತ್ರೆ ಒಂದಾ ಶ್ವಾಸಕೋಶ ಅರಳಿದೆ, ಇಲ್ಲಾ ಟ್ಯೂಬ್ ಕಟ್ಟಿಕೊಂಡಿದೆ ಇಲ್ಲವೇ ಮಡಚಿಕೊಂಡಿದೆ, ತಕ್ಷಣ ಸಿಸ್ಟರಿಗೆ ಹೇಳಿ. ಬಾಟಲಿ ಯಾವಾಗ್ಲೂ ಎದೆಗಿಂತ ಕೆಳಗಿರಲಿ, ಟಾಯ್ಲೆಟ್ಟಿಗೆ ಕರ್ಕೊಂಡು ಹೋಗುವಾಗ ಹಾಸಿಗೆ ಮೇಲೆ ಎತ್ತಿ ಇಡಬೇಡಿ. ಗುಳ್ಳೆ ಬರ್ತಿರೋ ಟ್ಯೂಬನ್ನ ಯಾರೂ ಕ್ಲಾಂಪ್ ಹಾಕಿ ಮುಚ್ಚಬಾರದು, ಸ್ಕ್ಯಾನಿಗೆ ಕರ್ಕೊಂಡು ಹೋಗುವಾಗ ಕೂಡ. ಮುಚ್ಚಿದ್ರೆ ಗಾಳಿ ಒಳಗೇ ಸೇರಿಕೊಂಡು, ಒತ್ತಡ ಏರಿ, ಹೃದಯಕ್ಕೆ ರಕ್ತ ವಾಪಸ್ ಬರೋದೇ ನಿಲ್ಲುತ್ತೆ. ಟೆನ್ಷನ್ ನ್ಯೂಮೋಥೊರ್ಯಾಕ್ಸ್ ಅಂದ್ರೆ ಇದೇ. ಬಿಪಿ ಬೀಳುತ್ತೆ, ಕುತ್ತಿಗೆ ನರ ಉಬ್ಬುತ್ತೆ, ಅಂಥ ಹೊತ್ತಲ್ಲಿ ಎಕ್ಸ್‌ರೇಗೂ ಕಾಯದೆ ಎದೆಗೆ ಸೂಜಿ ಚುಚ್ಚಿ ಗಾಳಿ ಬಿಡ್ಬೇಕು.

ನಾಲ್ಕು ದಿನ ಆಗಿದೆ ಅಂದ್ರೆ ಎದೆ ಸರ್ಜನ್ ಹತ್ರ ಮಾತಾಡೋ ಸಮಯ ಬಂದಿದೆ, ನಾಳೆ ರೌಂಡ್ಸಲ್ಲಿ ನೀವೇ ಕೇಳಿ. ಆಪರೇಷನ್ ತಡ್ಕೊಳ್ಳೋ ಶಕ್ತಿ ಇದ್ರೆ ಕ್ಯಾಮೆರಾ ಹಾಕಿ ಸೋರೋ ಜಾಗ ಮುಚ್ಚುತಾರೆ. ಇಲ್ಲಾಂದ್ರೆ ಅವರದ್ದೇ ಕೈಯಿಂದ ರಕ್ತ ತೆಗೆದು ಟ್ಯೂಬ್ ಮೂಲಕ ಒಳಗೆ ಬಿಡೋ ವಿಧಾನ ಇದೆ, ಅದು ಹೆಪ್ಪುಗಟ್ಟಿ ತೂತು ಮುಚ್ಚಿಕೊಳ್ಳಬಹುದು. ಟಾಲ್ಕ್ ಪುಡಿ ಹಾಕಿ ಎರಡು ಪೊರೆಗಳನ್ನ ಅಂಟಿಸೋದೂ ಇದೆ. ಟ್ಯೂಬಿಗೆ ಗಾಳಿ ಎಳೆಯೋ ಸಕ್ಷನ್ ಯಾಕೆ ಹಾಕ್ತಿಲ್ಲ ಅಂತ ಜಗಳ ಮಾಡೋರು ಇದಾರೆ. ತುಂಬಾ ದಿನ ಮುದುಡಿದ್ದ ಶ್ವಾಸಕೋಶನ ಒಂದೇ ಏಟಿಗೆ ಅರಳಿಸಿದ್ರೆ ಅದರಲ್ಲಿ ನೀರು ತುಂಬೋ ಅಪಾಯ ಇದೆ, ಅದಕ್ಕೇ ಶುರುವಲ್ಲೇ ಹಾಕಲ್ಲ.

ಪ್ರಶ್ನೆ: ನನಗೆ 34. ಎರಡು ಸಲ ಬಲ ಶ್ವಾಸಕೋಶ ಕುಗ್ಗಿದೆ. ಮೊದಲನೇ ಸಲ ಟ್ಯೂಬ್ ಹಾಕಿದ್ರು, ಎರಡನೇ ಸಲ ತಾನೇ ಸರಿಹೋಯ್ತು. ಪಿರಿಯಡ್ಸ್ ಟೈಮಲ್ಲಿ ಬಲ ಭುಜ ನೋಯೋದು ವರ್ಷಗಳಿಂದ ಇದೆ, ಎರಡು ಸಲಾನೂ ಮುಟ್ಟಿನ ಎರಡನೇ ದಿನವೇ ಆಗಿದ್ದು ಅಂತ ಈಗ ಹೊಳೀತಿದೆ. ಸಂಬಂಧ ಇದೆಯಾ, ಇಲ್ಲಾ ನನ್ನ ಭ್ರಮೆನಾ?
– ಕ್ಯಾಲೆಂಡರ್ ನೋಡ್ತಿರೋ ಓದುಗಿ

ಉತ್ತರ: ಭ್ರಮೆ ಅಲ್ಲಮ್ಮ. ನೀವು ಬರೆದಿರೋದು ಓದಿದ್ರೆ ಇದನ್ನ ಯಾರಾದ್ರೂ ಮೊದಲೇ ಕೇಳ್ಬೇಕಿತ್ತು ಅನ್ನಿಸುತ್ತೆ. ಹೆರೋ ವಯಸ್ಸಿನ ಹೆಂಗಸಿಗೆ ಶ್ವಾಸಕೋಶ ಕುಗ್ಗಿ ಬಂದ್ರೆ ಮುಟ್ಟಿನ ತಾರೀಕು ಕೇಳೋದು ನಮ್ಮ ಕೆಲಸ, ನಮ್ಮಲ್ಲಿ ಎಷ್ಟೋ ಜನ ಕೇಳಲ್ಲ, ರೋಗಿಗಳೂ ಸಂಬಂಧ ಇಲ್ಲ ಅಂದ್ಕೊಂಡು ಹೇಳಲ್ಲ, ಹೀಗೇ ವರ್ಷಗಳು ಕಳೆದುಹೋಗುತ್ತೆ.

ಮುಟ್ಟು ಶುರುವಾಗೋಕೆ 24 ಗಂಟೆ ಮುಂಚಿಂದ ಹಿಡಿದು, ಮುಟ್ಟು ಶುರುವಾದ 72 ಗಂಟೆ ಒಳಗೆ ಹೀಗೆ ಮತ್ತೆ ಮತ್ತೆ ಆದ್ರೆ ಅದಕ್ಕೆ ಕ್ಯಾಟಮೀನಿಯಲ್ ನ್ಯೂಮೋಥೊರ್ಯಾಕ್ಸ್ ಅಂತಾರೆ. 1958ರಲ್ಲಿ ಮೊದಲ ವರದಿ ಬಂತು. ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆಯೋ ಎಂಡೋಮೆಟ್ರಿಯೋಸಿಸ್ ಹೆಸರು ಕೇಳಿರ್ತೀರಿ, ಅದು ಎದೆ ಮತ್ತು ಹೊಟ್ಟೆ ಮಧ್ಯದ ವಪೆ ಮೇಲೂ ಬೆಳೆಯಬಹುದು. ಹೊಟ್ಟೆಯೊಳಗಿನ ದ್ರವ ಬಲಭಾಗದಿಂದ ಮೇಲಕ್ಕೆ ಹರಿಯೋದ್ರಿಂದ ಬಲಗಡೆ ವಪೆಗೇ ಜಾಸ್ತಿ ತಲುಪುತ್ತೆ, ಅದಕ್ಕೇ ನೂರಕ್ಕೆ ತೊಂಬತ್ತರ ಹತ್ರ ಬಲಗಡೆಯೇ ಆಗೋದು. ಆ ಅಂಗಾಂಶವೂ ಪ್ರತಿ ತಿಂಗಳು ಉದುರುತ್ತೆ, ಉದುರಿ ಉದುರಿ ವಪೆಯಲ್ಲಿ ಸಣ್ಣ ಸಣ್ಣ ತೂತಾಗ್ತವೆ, ಮುಟ್ಟಿನ ಹೊತ್ತಲ್ಲಿ ಗರ್ಭಕೋಶದ ದಾರಿಯಿಂದ ಹೊಟ್ಟೆಗೆ ಬಂದ ಗಾಳಿ ಆ ತೂತಿಂದ ಎದೆಗೆ ಏರುತ್ತೆ. ಶ್ವಾಸಕೋಶದ ಮೇಲೇ ಅಂಟಿ ಅಲ್ಲೇ ಸೋರೋದೂ ಇದೆ. ವಪೆಗೂ ಭುಜಕ್ಕೂ ನರದ ಬೇರು ಒಂದೇ, ಅದಕ್ಕೆ ನಿಮಗೆ ಭುಜ ನೋಯೋದು.

ಸಿಟಿ ನಾರ್ಮಲ್ ಬಂದ್ರೆ ಅಲ್ಲಿಗೆ ಬಿಡಬೇಡಿ, ಈ ತೂತುಗಳು ಸ್ಕ್ಯಾನಲ್ಲಿ ಕಾಣದೇ ಇರೋದೇ ಜಾಸ್ತಿ. ಕ್ಯಾಮೆರಾ ಹಾಕಿ ನೋಡೋ ಸರ್ಜರಿಯೇ ಬೇಕು, ವ್ಯಾಟ್ಸ್ ಅಂತಾರೆ. ಸರ್ಜನ್ ಬರೀ ಶ್ವಾಸಕೋಶದ ತುದಿ ನೋಡಿ ಬಂದ್ರೆ ಸಾಲದು, ವಪೆಯ ಮೇಲ್ಮೈ ಇಡೀ ನೋಡ್ಬೇಕು, ಕಂದು ಕಲೆ, ತೂತು ಸಿಕ್ರೆ ಆ ಭಾಗ ಕತ್ತರಿಸಿ ಹೊಲಿದು, ತುಣುಕು ಬಯಾಪ್ಸಿಗೆ ಕಳಿಸ್ಬೇಕು. ಮುಟ್ಟಿನ ದಿನಗಳ ಹತ್ರ ಆಪರೇಷನ್ ಇಟ್ಕೊಂಡ್ರೆ ಕಲೆಗಳು ಕಣ್ಣಿಗೆ ಬೀಳೋ ಸಾಧ್ಯತೆ ಜಾಸ್ತಿ. ಆಪರೇಷನ್ ಆದ್ಮೇಲೆ ಕೆಲವು ತಿಂಗಳು ಮುಟ್ಟು ನಿಲ್ಲಿಸೋ ಹಾರ್ಮೋನ್ ಚಿಕಿತ್ಸೆ ಕೊಡ್ತಾರೆ, ಇಷ್ಟಾದ್ರೂ ಮರಳಿ ಬರೋ ಸಾಧ್ಯತೆ ಬೇರೆ ಥರದ ನ್ಯೂಮೋಥೊರ್ಯಾಕ್ಸಿಗಿಂತ ಹೆಚ್ಚು. ಮಗು ಬೇಕು ಅನ್ನೋ ಯೋಚನೆ ಇದ್ರೆ ಅದನ್ನ ಮೊದಲ ಭೇಟಿಯಲ್ಲೇ ಹೇಳಿ, ಔಷಧಿ ಆಯ್ಕೆ ಅದರ ಮೇಲೆ ನಿಲ್ಲುತ್ತೆ. ಎದೆ ಸರ್ಜನ್ ಮತ್ತು ಸ್ತ್ರೀರೋಗ ತಜ್ಞರು ಇಬ್ಬರೂ ಸೇರಿ ನೋಡೋ ಕಡೆಗೇ ಹೋಗಿ. ಆ ಕ್ಯಾಲೆಂಡರ್ ತಗೊಂಡು ಹೋಗೋದು ಮರೀಬೇಡಿ, ನಿಮ್ಮ ಫೈಲಲ್ಲಿರೋ ಎಲ್ಲಾ ಫಿಲ್ಮಿಗಿಂತ ಅದೇ ದೊಡ್ಡ ಸಾಕ್ಷಿ.

ಪ್ರಶ್ನೆ: ಸರ್, ಆಸ್ತಮಾ ಜೋರಾಗಿ ಕೆಮ್ಮಿ ಕೆಮ್ಮಿ ಎದ್ದಾಗ ನನ್ನ ತಂಗಿಯ ಕುತ್ತಿಗೆ ಊದಿತ್ತು, ಒತ್ತಿದ್ರೆ ಚರಚರ ಅಂತಿತ್ತು, ದನಿ ಕೂಡ ಮೂಗಿಂದ ಬಂದ ಹಾಗಿತ್ತು. ಅಲರ್ಜಿ ಅಂದ್ಕೊಂಡ್ವಿ. ಆಸ್ಪತ್ರೇಲಿ ಹೃದಯದ ಸುತ್ತ ಗಾಳಿ ಇದೆ ಅಂದ್ರು, ಹೆದರಿಕೆ ಆಯ್ತು. ಮೂರು ದಿನ ಇಟ್ಕೊಂಡು ಕಳಿಸಿದ್ರು.

ಉತ್ತರ: ಆ ಚರಚರ ಅನ್ನೋದೇ ಗುರುತು, ಅಲರ್ಜಿ ಊತದಲ್ಲಿ ಅದು ಇರಲ್ಲ. ಜೋರಾಗಿ ಕೆಮ್ಮಿದಾಗ ಶ್ವಾಸಕೋಶದ ಒಳಗಿನ ಗಾಳಿಚೀಲಗಳು ಒಡೆದು, ಗಾಳಿ ಹೊರಪೊರೆ ಹರಿಯದೇ, ರಕ್ತನಾಳಗಳ ಪಕ್ಕಪಕ್ಕದಲ್ಲೇ ಜಾಗ ಮಾಡ್ಕೊಂಡು ಎದೆ ಮಧ್ಯಕ್ಕೆ, ಅಲ್ಲಿಂದ ಕುತ್ತಿಗೆ ಚರ್ಮದಡಿಗೆ ಬರುತ್ತೆ. ನ್ಯೂಮೋಮೀಡಿಯಾಸ್ಟೈನಮ್ ಇದರ ಹೆಸರು. ಹೆರಿಗೆ ನೋವಲ್ಲಿ ಮುಕ್ಕುವಾಗ, ಜೋರಾಗಿ ಕಿರುಚಿದಾಗ, ವಾಂತಿಯಾದಾಗಲೂ ಆಗಬಹುದು. 1939ರಲ್ಲಿ ಅಮೆರಿಕದ ಲೂಯಿಸ್ ಹ್ಯಾಮನ್ ಇದನ್ನ ವಿವರಿಸಿದ್ರು, ಹೃದಯದ ಪ್ರತಿ ಬಡಿತಕ್ಕೂ ಸ್ಟೆತಾಸ್ಕೋಪಲ್ಲಿ ಕರಕರ ಕೇಳಿಸುತ್ತೆ, ಅದಕ್ಕೆ ಇವತ್ತಿಗೂ ಅವರದ್ದೇ ಹೆಸರು. ನೋಡೋಕೆ ಭಯ ಆದ್ರೂ ಹೆಚ್ಚಿನವರಿಗೆ ವಿಶ್ರಾಂತಿ, ನೋವಿನ ಔಷಧಿ, ಆಕ್ಸಿಜನ್, ಆಸ್ತಮಾ ಹತೋಟಿ, ಇಷ್ಟರಲ್ಲೇ ದಿನಗಳಲ್ಲಿ ಇಳಿಯುತ್ತೆ.

ನಾವು ಭಯಪಡೋದು ಬೇರೆಯದಕ್ಕೆ. ಜೋರಾಗಿ ವಾಂತಿ ಆದ ಮೇಲೆ ಎದೆ ಸೀಳಿದ ಹಾಗೆ ನೋವು ಬಂದು ಆಮೇಲೆ ಈ ಗಾಳಿ ಕಂಡ್ರೆ, ಅನ್ನನಾಳವೇ ಹರಿದಿರಬಹುದು. 1724ರಲ್ಲಿ ಡಚ್ ವೈದ್ಯ ಬೂರ್‌ಹಾವೆ ಒಬ್ಬ ನೌಕಾಧಿಕಾರಿಯ ಶವಪರೀಕ್ಷೆ ಮಾಡಿ ಬರೆದಿಟ್ಟ ರೋಗ ಅದು. ತಡವಾದಷ್ಟೂ ಸೋಂಕು ಹರಡಿ ಜೀವ ಹೋಗುತ್ತೆ. ಅದಕ್ಕೆ ವಾಂತಿ ಮೊದಲಾ ನೋವು ಮೊದಲಾ ಅಂತ ಡಾಕ್ಟರ್ ಪದೇ ಪದೇ ಕೇಳ್ತಾರೆ, ಸಂಶಯ ಬಂದ್ರೆ ಬಾಯಿಗೆ ನೀರೂ ಕೊಡದೆ, ಸ್ಕ್ಯಾನಲ್ಲಿ ಕಾಣೋ ಡೈ ಮಾತ್ರ ಕುಡಿಸಿ ಸ್ಕ್ಯಾನ್ ಮಾಡ್ತಾರೆ.

ಪ್ರಶ್ನೆ: ತಿಂಗಳುಗಟ್ಟಲೆ ಕೆಮ್ಮಿದ ಮೇಲೆ ಅಪ್ಪನ ಪಕ್ಕೆಲುಬುಗಳ ಮಧ್ಯೆ ಕೆಮ್ಮಿದಾಗ ಮಾತ್ರ ಏನೋ ಉಬ್ಬುತ್ತೆ, ಒತ್ತಿದ್ರೆ ಒಳಗೆ ಹೋಗುತ್ತೆ. ಗಡ್ಡೆನಾ?

ಉತ್ತರ: ಗಡ್ಡೆ ಇರಲಿಕ್ಕಿಲ್ಲ, ಶ್ವಾಸಕೋಶದ ಹರ್ನಿಯಾ ಇರಬಹುದು. ಕೆಮ್ಮಿನ ರಭಸಕ್ಕೆ ಪಕ್ಕೆಲುಬು ಬಿರುಕು ಬಿಡೋದು, ಮಧ್ಯದ ಸ್ನಾಯು ಹರಿಯೋದು ಉಂಟು, ಆ ಸಂದಿಯಿಂದ ಶ್ವಾಸಕೋಶ ಹೊರಕ್ಕೆ ಉಬ್ಬುತ್ತೆ. ತುಂಬಾ ಅಪರೂಪ. ಉಸಿರು ಬಿಗಿಹಿಡಿದು ಮುಕ್ಕಿಸಿ ಸಿಟಿ ತೆಗೆದ್ರೆ ಗೊತ್ತಾಗುತ್ತೆ. ನೋವಿಲ್ಲದೆ ಸಣ್ಣದಿದ್ರೆ ನೋಡ್ಕೊಂಡಿರಬಹುದು, ನೋಯ್ತಿದ್ರೆ, ದೊಡ್ಡದಾಗ್ತಿದ್ರೆ ಮೆಶ್, ಅಂದ್ರೆ ಬಲೆಯಂಥ ತೇಪೆ, ಹಾಕಿ ಸರಿಮಾಡ್ತಾರೆ. ಕೆಮ್ಮು ಯಾಕೆ ನಿಲ್ತಿಲ್ಲ ಅನ್ನೋದನ್ನ ಅದಕ್ಕಿಂತ ಮೊದಲು ನೋಡ್ಸಿ.

ಪ್ರಶ್ನೆ: ನನಗೂ ಅಣ್ಣನಿಗೂ ನ್ಯೂಮೋಥೊರ್ಯಾಕ್ಸ್ ಆಗಿದೆ, ನಮ್ಮಪ್ಪನಿಗೂ ಆಗಿತ್ತಂತೆ. ವಂಶದಲ್ಲಿ ಬರುತ್ತಾ?

ಉತ್ತರ: ಬರುತ್ತೆ, ಒಂದೇ ಮನೇಲಿ ಮೂರು ಜನ ಅಂದ್ರೆ ಹುಡುಕಲೇಬೇಕು. ಕನ್ನಡಿ ಮುಂದೆ ನಿಂತು ಮುಖ, ಮೂಗು, ಕುತ್ತಿಗೆ ನೋಡ್ಕೊಳ್ಳಿ, ಚರ್ಮದ ಬಣ್ಣದ ಅಥವಾ ಬೆಳ್ಳಗಿನ ಸಣ್ಣ ಗುಳ್ಳೆಗಳು ಇದೆಯಾ? ಬರ್ಟ್-ಹಾಗ್-ಡುಬೆ ಅನ್ನೋ ಸಿಂಡ್ರೋಮಲ್ಲಿ ಆ ಗುಳ್ಳೆ ಜೊತೆಗೆ ಶ್ವಾಸಕೋಶದ ಕೆಳಭಾಗದಲ್ಲಿ ಗಾಳಿಕೋಶಗಳು ಇರುತ್ತೆ, ಕಿಡ್ನಿಯಲ್ಲಿ ಗಡ್ಡೆ ಬರೋ ಸಾಧ್ಯತೆ ಇರುತ್ತೆ. 1977ರಲ್ಲಿ ಕೆನಡಾದ ಮೂವರು ವೈದ್ಯರು ವಿವರಿಸಿದ್ದು. ಫಾಲಿಕ್ಯುಲಿನ್ ಜೀನ್ ಟೆಸ್ಟಿಂದ ಖಚಿತ ಆಗುತ್ತೆ, ತಂದೆ ಅಥವಾ ತಾಯಿಗಿದ್ರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಶ್ವಾಸಕೋಶದ ನೆಪದಲ್ಲಿ ಕಿಡ್ನಿ ಗಡ್ಡೆ ಸಣ್ಣದಿದ್ದಾಗ್ಲೇ ಸಿಕ್ರೆ ಜೀವ ಉಳಿಯುತ್ತೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ. ಕೈಬೆರಳು ತೀರಾ ಉದ್ದ, ಕೀಲು ಸಡಿಲ, ಕಣ್ಣಿನ ಲೆನ್ಸ್ ಜಾರಿರೋ ಚರಿತ್ರೆ ಇದ್ರೆ ಮಾರ್ಫಾನ್ ಅನ್ನೋ, ವಂಶದಲ್ಲಿ ಬರೋ ಕಾಯಿಲೆ ಇರಬಹುದು, ಆಗ ಎಕೋ, ಅಂದ್ರೆ ಹೃದಯದ ಅಲ್ಟ್ರಾಸೌಂಡ್, ಮಾಡಿಸಿ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳವಾದ ಮಹಾಪಧಮನಿ ನೋಡ್ಬೇಕು. ಹೆಂಗಸರಲ್ಲಿ ಶ್ವಾಸಕೋಶದ ತುಂಬಾ ಗಾಳಿಕೋಶ ಕಂಡ್ರೆ ಎಲ್‌ಎಎಮ್ ಅನ್ನೋ ಕಾಯಿಲೆ ಯೋಚಿಸ್ತೀವಿ, ಅದಕ್ಕೆ ಒಂದು ರಕ್ತಪರೀಕ್ಷೆ ಇದೆ, ಸಿರೋಲಿಮಸ್ ಅನ್ನೋ ಮಾತ್ರೆಯಿಂದ ಶ್ವಾಸಕೋಶ ಕೆಡೋದು ನಿಧಾನ ಆಗುತ್ತೆ ಅಂತ 2011ರ ಅಧ್ಯಯನದಲ್ಲಿ ಗೊತ್ತಾಯ್ತು.

ಪ್ರಶ್ನೆ: ಒಂದು ಸಲ ಆಗಿ ಸರಿಹೋಗಿದೆ. ಮತ್ತೆ ಬರುತ್ತಾ? ಫ್ಲೈಟ್, ಜಿಮ್, ಸ್ಕೂಬಾ ಡೈವಿಂಗ್?

ಉತ್ತರ: ಸುಮಾರು ಮೂವರಲ್ಲಿ ಒಬ್ಬರಿಗೆ ಮರಳಿ ಬರುತ್ತೆ, ಮೊದಲ ವರ್ಷದಲ್ಲೇ ಜಾಸ್ತಿ. ಸಿಗರೇಟು ಬಿಟ್ರೆ ಕಮ್ಮಿ ಆಗುತ್ತೆ. ಅದೇ ಕಡೆ ಎರಡನೇ ಸಲ ಆದ್ರೆ, ಇನ್ನೊಂದು ಕಡೆಗೂ ಆದ್ರೆ, ಅಥವಾ ಪೈಲಟ್ ಥರದ ಕೆಲಸ ಇದ್ರೆ ಮೊದಲ ಸಲಕ್ಕೇ, ಕೀಹೋಲ್ ಸರ್ಜರಿ ಮಾಡಿ ಗುಳ್ಳೆ ತೆಗೆದು ಪೊರೆ ಅಂಟಿಸೋ ಮಾತು ಬರುತ್ತೆ, ಆಮೇಲೆ ಮರುಕಳಿಸೋದು ತುಂಬಾ ಕಮ್ಮಿ.

ಫ್ಲೈಟ್ ಹತ್ತೋಕೆ ಎಕ್ಸ್‌ರೇಲಿ ಪೂರ್ತಿ ಸರಿಯಾಗಿದೆ ಅಂತ ಕಂಡ ಮೇಲೆ ಕನಿಷ್ಠ 7 ದಿನ ಕಾಯಿರಿ. ವಿಮಾನ ಎತ್ತರಕ್ಕೆ ಹೋದಾಗ ಒಳಗಿನ ಒತ್ತಡ ಇಳಿಯುತ್ತೆ, ಎದೆಯಲ್ಲಿ ಸಿಕ್ಕಿಕೊಂಡ ಗಾಳಿ ಸುಮಾರು 30 ಪರ್ಸೆಂಟ್ ಹಿಗ್ಗುತ್ತೆ. ನಡಿಗೆ, ಮನೆಕೆಲಸ ಇವತ್ತೇ ಶುರು ಮಾಡಬಹುದು, ಜಿಮ್ ಮತ್ತು ಮೈಮೇಲೆ ಬೀಳೋ ಆಟಗಳು ಪೂರ್ತಿ ವಾಸಿ ಆಗಿದೆ ಅಂತ ಡಾಕ್ಟರ್ ಹೇಳಿದ ಮೇಲೆ. ಡೈವಿಂಗ್ ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡ್ಕೊಳ್ಳಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟು, ಅಲ್ಲಿ ಉಸಿರಾಡಿದ ಗಾಳಿ ಒಂದು ಗುಳ್ಳೇಲಿ ಸಿಕ್ಕಿಕೊಂಡು ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತೆ, ನೀರಿನಡಿ ಯಾರು ಟ್ಯೂಬ್ ಹಾಕೋರು? ಎರಡೂ ಕಡೆ ಸರ್ಜರಿ ಆಗಿ, ಆಮೇಲಿನ ಸಿಟಿ ಮತ್ತು ಉಸಿರಿನ ಟೆಸ್ಟ್ ಸರಿ ಇದ್ರೆ ಡೈವಿಂಗ್ ಗೊತ್ತಿರೋ ವೈದ್ಯರ ಹತ್ರ ಮಾತಾಡಿ, ಅಲ್ಲೀವರೆಗೆ ನೀರಿನ ಮೇಲೆ ಈಜೋದು ಮಾತ್ರ.